ಮಾತ್ರೆಗೂ ಒಂದು ವಕ್ತ್

ಸಂಡೂರಿನ ಬೆಟ್ಟಗಳ ಒಡಲಲ್ಲಿ ಕಬ್ಬಿಣದ ಅದಿರು ತುಂಬಿದೆ. ಆದರೆ ಆ ಬೆಟ್ಟಗಳ ಸುತ್ತಲೇ ವಾಸಿಸುವ ನಮ್ಮ ಎಷ್ಟೋ ಸಹೋದರಿಯರ ರಕ್ತದಲ್ಲಿ ಕಬ್ಬಿಣಾಂಶ ಸಾಲದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಹೀಗಾಗಿ ಕಬ್ಬಿಣದ ಮಾತ್ರೆ ನಮ್ಮ ಮನೆಗಳಿಗೆ ಹೊಸತಲ್ಲ. ಈಗ ಅನೇಕ ಮನೆಗಳಲ್ಲಿ ಅದರ ಪಕ್ಕದಲ್ಲೇ ಥೈರಾಯ್ಡ್ ಮಾತ್ರೆಯ ಡಬ್ಬಿಯೂ ಇರುತ್ತದೆ.

ಇವೆರಡನ್ನೂ ಒಟ್ಟಿಗೆ ನುಂಗಬಾರದು. ಕಬ್ಬಿಣ ಮತ್ತು ಕ್ಯಾಲ್ಸಿಯಂ ಕರುಳಿನಲ್ಲಿ ಥೈರಾಕ್ಸಿನ್ ಜೊತೆ ಅಂಟಿಕೊಂಡು, ಅದು ರಕ್ತಕ್ಕೆ ಸೇರದಂತೆ ತಡೆಯುತ್ತವೆ. ಮಾತ್ರೆ ಹೊಟ್ಟೆಗೆ ಹೋಗಿರುತ್ತದೆ, ದೇಹಕ್ಕೆ ದಕ್ಕಿರುವುದಿಲ್ಲ. ಶಕ್ತಿಗೆಂದು ತರುವ ಮಲ್ಟಿವಿಟಮಿನ್ ಮಾತ್ರೆಗಳಲ್ಲಿಯೂ ಈ ಖನಿಜಗಳು ಇರುತ್ತವೆ. ಎದೆಯುರಿಗೆ ಕುಡಿಯುವ ಔಷಧವೂ ಇದೇ ತೊಂದರೆ ಕೊಡಬಲ್ಲದು.

ನಮ್ಮ ಬಳಿ ಓದುವ ಕಂಪ್ಲಿಯ ಒಬ್ಬ ಬಾಲಕನ ತಾಯಿ ಒಂದು ದಿನವೂ ಮಾತ್ರೆ ತಪ್ಪಿಸಿದವರಲ್ಲ. ಆದರೂ ಟಿಎಸ್‌ಎಚ್ ಇಳಿಯಲಿಲ್ಲ, ಆಯಾಸ ಹೋಗಲಿಲ್ಲ, ಡೋಸ್ ಎರಡು ಸಲ ಏರಿತು. ನಝರ್ ತಾಗಿದೆ ಎಂದರು ಮನೆಯ ಹಿರಿಯರು. ನಝರ್ ಸತ್ಯವೆಂಬುದನ್ನು ನಾವು ಅಲ್ಲಗಳೆಯುವವರಲ್ಲ. ಆದರೆ ಅವರು ಮುಂಜಾನೆ ಎಲ್ಲ ಮಾತ್ರೆಗಳನ್ನೂ ಒಂದೇ ಹಿಡಿಯಲ್ಲಿ, ಹಾಲಿನ ಜೊತೆ ನುಂಗುತ್ತಿದ್ದರು! ಇದನ್ನು ವೈದ್ಯರಿಗೆ ಯಾರೂ ಹೇಳಿರಲಿಲ್ಲ, ವೈದ್ಯರೂ ಕೇಳಿರಲಿಲ್ಲ.

ನಮಾಝಿಗೆ ವಕ್ತ್ ಇರುವಂತೆ ಈ ಮಾತ್ರೆಗೂ ಇದೆ. ಫಜ್ರ್‌ಗೆ ಎದ್ದಾಗ ಬರಿಹೊಟ್ಟೆಯಲ್ಲಿ, ಬರೀ ನೀರಿನೊಂದಿಗೆ ಥೈರಾಯ್ಡ್ ಮಾತ್ರೆ ನುಂಗಿದರೆ, ನಮಾಝು, ತಿಲಾವತ್ ಮುಗಿಯುವಷ್ಟರಲ್ಲಿ ಅರ್ಧದಿಂದ ಒಂದು ಗಂಟೆ ತಾನಾಗಿ ಕಳೆಯುತ್ತದೆ. ಚಹಾ, ತಿಂಡಿ ಆಮೇಲೆ. ಕಬ್ಬಿಣ ಅಥವಾ ಕ್ಯಾಲ್ಸಿಯಂಗೆ ಕನಿಷ್ಠ ನಾಲ್ಕು ಗಂಟೆಗಳ ಅಂತರ ಬೇಕು. ಹಾಗಾಗಿ ಒಂದನ್ನು ಝುಹರ್ ಹೊತ್ತಿಗೆ, ಇನ್ನೊಂದನ್ನು ರಾತ್ರಿಯ ಊಟಕ್ಕೆ ಇಟ್ಟುಕೊಳ್ಳಬಹುದು. ಕಬ್ಬಿಣದ ಮಾತ್ರೆಯನ್ನು ಚಹಾದೊಂದಿಗೆ ಸೇವಿಸಿದರೆ ಅದೂ ವ್ಯರ್ಥವೇ.

ರಮಝಾನಿನಲ್ಲಿ ಲೆಕ್ಕ ಬದಲಾಗುತ್ತದೆ. ಸಹರಿಗೆ ಅರ್ಧ ಗಂಟೆ ಮೊದಲೇ ಎದ್ದು ಥೈರಾಯ್ಡ್ ಮಾತ್ರೆ ತೆಗೆದುಕೊಂಡು, ಕಬ್ಬಿಣವನ್ನು ಇಫ್ತಾರ್ ನಂತರಕ್ಕೆ ಬಿಡುವುದು ಒಂದು ದಾರಿ. ಇಫ್ತಾರಿನಲ್ಲೇ ಊಟ ಮುಗಿಸುವವರು ತರಾವೀಹ್ ಬಳಿಕ, ಏನೂ ತಿನ್ನದೆ ಮೂರು ನಾಲ್ಕು ಗಂಟೆ ಕಳೆದ ಮೇಲೆ, ಮಲಗುವ ಮುನ್ನ ಥೈರಾಯ್ಡ್ ಮಾತ್ರೆ ಸೇವಿಸುವುದುಂಟು. ಯಾವುದು ತಮಗೆ ಸರಿ ಎಂಬುದನ್ನು ಶಅಬಾನಿನಲ್ಲೇ ವೈದ್ಯರಲ್ಲಿ ಕೇಳಿಡುವುದು ಒಳಿತು. ಉಪವಾಸದ ನೆಪದಲ್ಲಿ ತಿಂಗಳಿಡೀ ಮಾತ್ರೆ ಬಿಡುವವರನ್ನೂ ನಾವು ಕಂಡಿದ್ದೇವೆ. ರೋಗಿಗೆ ಉಪವಾಸವನ್ನು ಬೇರೆ ದಿನಗಳಲ್ಲಿ ಪೂರೈಸುವ ರಿಯಾಯಿತಿಯನ್ನು ಕುರ್‌ಆನ್ ಅಲ್‌ಬಕರಾ ಅಧ್ಯಾಯದಲ್ಲಿ ಕೊಟ್ಟಿರುವಾಗ, ದೇಹವೆಂಬ ಅಮಾನತನ್ನು ಹೀಗೆ ದಂಡಿಸುವುದು ಯಾವ ತಖ್ವಾ?

ಗರ್ಭಿಣಿಯರ ಸಂಗತಿ ಇನ್ನೂ ಸೂಕ್ಷ್ಮ. ಆರಂಭದ ತಿಂಗಳುಗಳಲ್ಲಿ ಮಗುವಿನ ಮೆದುಳಿನ ಬೆಳವಣಿಗೆಗೆ ತಾಯಿಯ ಥೈರಾಯ್ಡ್ ಹಾರ್ಮೋನೇ ಆಧಾರ. ಸರ್ಕಾರದಿಂದ ಕಬ್ಬಿಣ, ಕ್ಯಾಲ್ಸಿಯಂ ಎರಡೂ ಮಾತ್ರೆಗಳು ಅವರ ಕೈಸೇರುವುದೂ ಗರ್ಭಾವಸ್ಥೆಯಲ್ಲೇ. ಯಾವುದನ್ನೂ ಬಿಡಬಾರದು, ವೇಳೆ ಮಾತ್ರ ಬೇರೆಯಾಗಲಿ. ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ಥೈರಾಯ್ಡ್ ಡಬ್ಬಿಯನ್ನೂ ತೋರಿಸಬೇಕು.

ವೇಳೆ ಸರಿಪಡಿಸಿದ ಮೇಲೆ ಅದೇ ಡೋಸ್ ಹೆಚ್ಚಾಗಿ ಪರಿಣಮಿಸಿ ಎದೆಬಡಿತ ಏರಬಹುದು. ಆದ್ದರಿಂದ ಬದಲಾವಣೆಯನ್ನು ವೈದ್ಯರಿಗೆ ತಿಳಿಸಿ, ಆರರಿಂದ ಎಂಟು ವಾರಗಳಲ್ಲಿ ಟಿಎಸ್‌ಎಚ್ ಮತ್ತೆ ಪರೀಕ್ಷಿಸಿಕೊಳ್ಳಬೇಕು. ಗರ್ಭಿಣಿಯರು ಅಷ್ಟು ದಿನ ಕಾಯದೆ ವೈದ್ಯರು ಹೇಳಿದ ದಿನವೇ ಹೋಗಬೇಕು.