ಥೋರ್ ದೇವರ ಒಕ್ಕಲು

ನಾವು ಬುಧವಾರ, ಗುರುವಾರ ಎಂದು ಗ್ರಹಗಳ ಹೆಸರಿನಿಂದ ಕರೆಯುವ ದಿನಗಳನ್ನು ಇಂಗ್ಲಿಷರು ಓದಿನ್ ಮತ್ತು ಥೋರ್ ಎಂಬ ಉತ್ತರದೇಶದ ಇಬ್ಬರು ದೇವತೆಗಳ ಹೆಸರಿನಿಂದ ಕರೆಯುತ್ತಾರೆ. ವೆಡ್ನೆಸ್‌ಡೇ ಎಂಬ ಪದದ ಸ್ಪೆಲ್ಲಿಂಗ್ ತಪ್ಪಿ ಮೇಷ್ಟರಿಂದ ಪೆಟ್ಟು ತಿಂದವರಲ್ಲಿ ಎಷ್ಟು ಮಂದಿಗೆ ಇದು ತಿಳಿದಿತ್ತೋ! ವಿನೋದವೆಂದರೆ, ಆ ದೇವತೆಗಳ ಕಥೆಗಳನ್ನು ಜೋಪಾನವಾಗಿ ಉಳಿಸಿಕೊಂಡ ಐಸ್‌ಲ್ಯಾಂಡ್ ದೇಶದಲ್ಲಿಯೇ ವಾರಗಳಿಗೆ ಆ ಹೆಸರುಗಳಿಲ್ಲ. ಹನ್ನೆರಡನೆಯ ಶತಮಾನದ ಬಿಷಪ್ಪರೊಬ್ಬರು ಅವನ್ನು ಅಳಿಸಿ ಮೂರನೆಯ ದಿನ, ವಾರದ ನಡುದಿನ, ಐದನೆಯ ದಿನ ಎಂದು ಲೆಕ್ಕದ ಹೆಸರಿಟ್ಟರೆಂದು ಪ್ರತೀತಿ.

ನನಗೆ ಈ ವಿಷಯದಲ್ಲಿ ಆಸಕ್ತಿ ಹುಟ್ಟಿದ್ದು ಪಾಂಡಿತ್ಯದ ಹಂಬಲದಿಂದಲ್ಲ. ನನ್ನ ತಂಗಿಯ ಮಗಳು ರೇಕ್ಯಾವಿಕ್ ನಗರದಲ್ಲಿ ಉದ್ಯೋಗದಲ್ಲಿದ್ದಾಳೆ. ಅಲ್ಲಿಯ ಹುಡುಗನೊಬ್ಬನನ್ನು ಮೆಚ್ಚಿದ್ದಾಳೆ. ಹುಡುಗ ಕ್ರೈಸ್ತನಲ್ಲ, ‘ಆಸಾತ್ರು’ ಪಂಥದವನು. ಮದುವೆಯನ್ನು ಆ ಪಂಥದ ಪುರೋಹಿತರೇ ನಡೆಸಬೇಕೆಂಬುದು ಅವನ ಬಯಕೆ. ಮೈಸೂರಿನಲ್ಲಿರುವ ತಂಗಿ ಕಂಗಾಲಾದಳು. “ಅಣ್ಣಾ, ಏಸು ಅಂದರೆ ಗೊತ್ತು, ಅಲ್ಲಾ ಅಂದರೆ ಗೊತ್ತು. ಇದು ಯಾವ ದೇವರು? ಬಲಿಗಿಲಿ ಕೊಡುತ್ತಾರೋ ಏನೋ. ನೀನೇ ಒಮ್ಮೆ ನೋಡಿಕೊಂಡು ಬಾ” ಎಂದಳು. ಹೆಣ್ಣು ಕೊಡುವ ಮುನ್ನ ಮನೆತನ ವಿಚಾರಿಸುವುದು ಸೋದರಮಾವನ ಕರ್ತವ್ಯವಷ್ಟೆ. ಇಲ್ಲಿ ದೇವರನ್ನೂ ವಿಚಾರಿಸಬೇಕಾಗಿ ಬಂತು.

ವಿಚಾರಿಸಿದಷ್ಟೂ ಕಥೆ ಸ್ವಾರಸ್ಯವಾಗಿತ್ತು. ಕ್ರಿ.ಶ. 1000ದ ಸುಮಾರಿಗೆ ಐಸ್‌ಲ್ಯಾಂಡಿನ ಜನ ಹಳೆಯ ದೇವರು, ಹೊಸ ದೇವರು ಎಂದು ಎರಡು ಪಂಗಡವಾಗಿ ಕಾದಾಡುವ ಹಂತಕ್ಕೆ ಬಂದಿದ್ದರು. ಥಿಂಗ್ವೆಟ್ಲಿರ್ ಎಂಬ ಬಯಲಿನಲ್ಲಿ ನೆರೆಯುತ್ತಿದ್ದ ಅವರ ಮಹಾಸಭೆಯಲ್ಲಿ ತೀರ್ಪನ್ನು ಥೋರ್ಗೇರ್ ಎಂಬ ಹಿರಿಯನಿಗೆ ಒಪ್ಪಿಸಿದರು. ಆತ ಹಳೆಯ ದೇವರ ಭಕ್ತ. ಒಂದು ಹಗಲು, ಒಂದು ಇರುಳು ಕಂಬಳಿ ಹೊದ್ದು ಮೌನವಾಗಿ ಮಲಗಿದ್ದು, ಎದ್ದು ಬಂದು, ಎಲ್ಲರೂ ಕ್ರೈಸ್ತರಾಗತಕ್ಕದ್ದೆಂದು ತೀರ್ಪಿತ್ತ. ಆದರೆ ಯಾರ ಕಣ್ಣಿಗೂ ಬೀಳದಂತೆ ಮನೆಯೊಳಗೆ ಹಳೆಯ ದೇವರಿಗೆ ನಡೆದುಕೊಂಡರೆ ದೋಷವಿಲ್ಲ ಎಂದೂ ಸೇರಿಸಿದ. ಆ ಸವಲತ್ತು ಬಹುಕಾಲ ಉಳಿಯಲಿಲ್ಲ. ಆ ಕಂಬಳಿಯೊಳಗೆ ಆತ ಏನನ್ನು ಯೋಚಿಸಿದನೋ!

ಮುಂದೆ ದೇವರುಗಳು ಉಳಿದದ್ದು ಎಡ್ಡಾ ಎಂಬ ಹಾಡು ಮತ್ತು ಕಥೆಗಳ ಹೊತ್ತಗೆಗಳಲ್ಲಿ. 1972ರಲ್ಲಿ, ಐಸ್‌ಲ್ಯಾಂಡಿನವರು ಬೇಸಿಗೆಯ ಮೊದಲ ದಿನವೆಂದು ಆಚರಿಸುವ ಏಪ್ರಿಲ್ ತಿಂಗಳ ಹಬ್ಬದಂದು, ಸ್ವೇನ್‌ಬ್ಯೋರ್ನ್ ಬೇನ್‌ಟೇನ್ಸನ್ ಎಂಬ ಕುರಿಸಾಕಣೆಯ ರೈತ, ಕವಿ, ಕೆಲವೇ ಮಂದಿ ಗೆಳೆಯರೊಡನೆ ಆಸಾತ್ರು ಸಂಘವನ್ನು ಸ್ಥಾಪಿಸಿದ. ಎದೆಯ ಮೇಲೆ ಇಳಿದ ಬಿಳಿಗಡ್ಡದ ಆತನ ಚಿತ್ರವನ್ನು ನೋಡಿದರೆ ನಮ್ಮ ಯಾವುದೋ ಮಠದ ಸ್ವಾಮಿಗಳ ನೆನಪಾಗುತ್ತದೆ. ಮಾನ್ಯತೆ ಕೇಳಲು ಸಚಿವರ ಬಳಿಗೆ ಹೋಗಿ ಬಂದ ಸ್ವಲ್ಪ ಹೊತ್ತಿನಲ್ಲೇ ಸಿಡಿಲು ಬಡಿದು ರಾಜಧಾನಿಯ ನಡುಭಾಗದ ದೀಪಗಳು ಆರಿದವಂತೆ. ಥೋರ್ ಗುಡುಗಿನ ದೇವರು! ಬಿಷಪ್ಪರು ವಿರೋಧಿಸಿದರೂ 1973ರಲ್ಲಿ ಸರ್ಕಾರದ ಮಾನ್ಯತೆ ದೊರೆಯಿತು. ಅಂದಿನಿಂದ ಅವರ ‘ಗೋದಿ’ ಎಂಬ ಪುರೋಹಿತರು ನಡೆಸಿದ ಮದುವೆ ಕಾನೂನಿನ ಮುಂದೆ ಮದುವೆಯೇ. ಇಂದು ಸುಮಾರು ನಾಲ್ಕು ಲಕ್ಷ ಜನರ ಆ ದೇಶದಲ್ಲಿ ಸಂಘದ ಸದಸ್ಯರು 5,000ಕ್ಕೂ ಮಿಕ್ಕಿದ್ದಾರೆ.

ಜೂನ್ ತಿಂಗಳ ಒಂದು ಗುರುವಾರ ಅದೇ ಥಿಂಗ್ವೆಟ್ಲಿರ್ ಬಯಲಿನಲ್ಲಿ ಅವರ ‘ಬ್ಲೋತ್’ ಎಂಬ ಆಚರಣೆಗೆ ನನ್ನನ್ನು ಕರೆದೊಯ್ದರು. ಕಪ್ಪು ಬಂಡೆಗಳ ಸಾಲು, ತುಂತುರು ಮಳೆ, ನಡುವೆ ಸಣ್ಣದೊಂದು ಬೆಂಕಿ. ಸುತ್ತ ವರ್ತುಲವಾಗಿ ನಿಂತವರು ಗುಮಾಸ್ತರು, ದಾದಿಯರು, ಮಕ್ಕಳನ್ನು ಎತ್ತಿಕೊಂಡ ತಾಯಂದಿರು. ಗೋದಿ ಹಳೆಯ ಪದ್ಯಗಳನ್ನು ರಾಗವಾಗಿ ಹೇಳಿದರು. ಪಾನೀಯ ತುಂಬಿದ ಕೊಂಬೊಂದು ಕೈಯಿಂದ ಕೈಗೆ ಸಾಗಿತು. ಪ್ರತಿಯೊಬ್ಬರೂ ದೇವರನ್ನೋ ಹಿರಿಯರನ್ನೋ ನೆನೆದು ಒಂದು ಮಾತು ಹೇಳಿ ಗುಟುಕರಿಸುವುದು. ಬಲಿ ಇಲ್ಲ. ಅನಂತರದ ಊಟದಲ್ಲಿ ಕುರಿಮಾಂಸವಿತ್ತು. ನನಗೆ ರೊಟ್ಟಿಯನ್ನೂ ಸ್ಕೀರ್ ಎಂಬ ಗಟ್ಟಿ ಮೊಸರನ್ನೂ ತಂದುಕೊಟ್ಟರು. ಆ ಚಳಿಯಲ್ಲಿಯೂ ಮೊಸರು!

ನನ್ನ ಮನಸ್ಸಿನಲ್ಲಿದ್ದ ಭಯ ಬಲಿಯದಾಗಿರಲಿಲ್ಲ. ಈ ದೇವತೆಗಳ ರೂನ್ ಅಕ್ಷರಗಳನ್ನು ಹಿಟ್ಲರನ ಪಡೆಗಳು ಸಮವಸ್ತ್ರದ ಮೇಲೆ ಧರಿಸಿದ್ದವು. ನಮ್ಮ ಸ್ವಸ್ತಿಕಕ್ಕೂ ಅವರಿಂದ ಅದೇ ಗತಿ ಬಂದಿತಷ್ಟೆ. ಇಂದಿಗೂ ಅಮೆರಿಕದಲ್ಲಿ, ಯೂರೋಪಿನಲ್ಲಿ, ಥೋರ್ ಬಿಳಿಯರ ರಕ್ತಕ್ಕೆ ಮಾತ್ರ ಸೇರಿದ ದೇವರೆನ್ನುವ ಗುಂಪುಗಳಿವೆ. ಐಸ್‌ಲ್ಯಾಂಡಿನ ಸಂಘ ಅಂಥವರನ್ನು ಬಹಿರಂಗವಾಗಿಯೇ ಖಂಡಿಸಿದೆ ಎಂದು ಓದಿದ್ದೆ. ಆದರೆ ಓದಿದ ಮಾತ್ರಕ್ಕೆ ಹೆಣ್ಣಿನ ಕಡೆಯವನಿಗೆ ಸಮಾಧಾನವಾದೀತೆ? ಕೊಂಬು ನಮ್ಮ ಹುಡುಗಿಯ ಸರದಿಗೆ ಬರುವವರೆಗೂ ಸುತ್ತಲಿನವರ ಮುಖಗಳನ್ನೇ ನೋಡುತ್ತಿದ್ದೆ. ಯಾವ ಮುಖವೂ ಬದಲಾಗಲಿಲ್ಲ. ಅವಳು ಎರಡು ಕೈಯಲ್ಲೂ ಕೊಂಬನ್ನು ಹಿಡಿದು, ತೀರಿಹೋದ ತನ್ನ ತಂದೆಯ ಹೆಸರನ್ನು ಕನ್ನಡದಲ್ಲಿಯೇ ನೆನೆದಳು. ಪಕ್ಕದ ಮುದುಕಿ ಕೈ ಒರೆಸಿಕೊಂಡು ಕೊಂಬನ್ನು ಪಡೆದಳು.

ಇನ್ನೊಂದು ತೊಡಕಿತ್ತು. ಎಂಟು ಕಾಲಿನ ಕುದುರೆಯೇರಿದ ಒಕ್ಕಣ್ಣನನ್ನು ಯಾರೂ ಅಕ್ಷರಶಃ ನಂಬುವುದಿಲ್ಲ, ಈ ಕಥೆಗಳು ಪ್ರಕೃತಿಯ, ಮನಸ್ಸಿನ ರೂಪಕಗಳು ಎಂಬ ಅರ್ಥದ ಮಾತನ್ನು 2003ರಿಂದ ಸಂಘದ ಪ್ರಧಾನ ಗೋದಿಯಾಗಿರುವ ಸಂಗೀತಗಾರ ಹಿಲ್ಮಾರ್ ಓರ್ನ್ ಹಿಲ್ಮಾರ್ಸನ್ ಆಡಿದ್ದಾರೆ. ನನ್ನಂಥವನಿಗೆ ಇದು ಹಿತವೇ. ತಂಗಿಗೆ ಹೇಳುವುದು ಹೇಗೆ? ಒಕ್ಕಣ್ಣಿನ ದೇವರನ್ನು ಅವಳು ಒಪ್ಪಿಯಾಳು. ರೂಪಕಕ್ಕೆ ನೈವೇದ್ಯ ಮಾಡುವವರನ್ನು ಒಪ್ಪುವುದು ಕಷ್ಟ. ಚಾಮುಂಡಿಯೊಡನೆ ದಿನವೂ ಜಗಳವಾಡುವವಳು ಅವಳು.

ಹುಡುಗನನ್ನೇ ಕೇಳಿದೆ. “ಥೋರ್ ಇದ್ದಾನೋ ಇಲ್ಲವೋ ನಾನು ಹೇಳಲಾರೆ. ನಮ್ಮ ಅಜ್ಜ ಮೀನು ಹಿಡಿಯಲು ಹೋಗಿ ಕಡಲಿನಿಂದ ಮರಳಲಿಲ್ಲ. ಆತನಿಗಾಗಿ ವರ್ಷಕ್ಕೆ ನಾಲ್ಕು ಸಲ ಕೊಂಬು ಎತ್ತುತ್ತೇನೆ” ಎಂದ.

ಊರಿಗೆ ಮರಳಿ ತಂಗಿಗೆ ಎಲ್ಲವನ್ನೂ ವರದಿ ಮಾಡಿದೆ. ರೂಪಕದ ವಿಷಯವನ್ನೂ ಮುಚ್ಚಿಡಲಿಲ್ಲ. ಅವಳು ಬಹಳ ಹೊತ್ತು ಅವರೆಕಾಯಿ ಸುಲಿಯುತ್ತ ಕುಳಿತಿದ್ದು, “ಅಜ್ಜನಿಗೆ ವರ್ಷಕ್ಕೆ ನಾಲ್ಕು ಸಲವೇ?” ಎಂದಳು. ಆಮೇಲೆ ಮದುವೆ ಯಾವ ತಿಂಗಳೆಂದು ಕೇಳಿದಳು. ಜೂನ್ ಎಂದೆ. ಆಗ ಅಲ್ಲಿ ಇರುಳೇ ಇರುವುದಿಲ್ಲವೆಂದು ವಿವರಿಸಿದೆ.

“ಇರುಳಿಲ್ಲದಿದ್ದರೆ ಅರುಂಧತಿಯನ್ನು ತೋರಿಸುವುದು ಹೇಗೆ?”

ನಮ್ಮ ಛತ್ರಗಳಲ್ಲೂ ನಡುಹಗಲಿನಲ್ಲಿ ಸೂರಿನ ಕಡೆಗೆ ಬೆರಳು ಮಾಡಿ ತೋರಿಸುತ್ತಾರಲ್ಲ ಎಂದೆ.

“ಇಲ್ಲಿ ಸಂಜೆಗಾದರೂ ಕತ್ತಲಾಗುತ್ತದೆ” ಎಂದಳು ತಂಗಿ. ಅಕ್ಟೋಬರಿನಲ್ಲಿ ಇಟ್ಟುಕೊಳ್ಳಲು ಆ ಗೋದಿಯವರಿಗೆ ಅನುಕೂಲವಾದೀತೇ ಎಂದು ನಾನು ಕೇಳಿ ತಿಳಿಸಬೇಕಂತೆ.