ರೀಸ್ಟಾರ್ಟ್ ಮಾಡಿ ನೋಡಿ ಅಪ್ಪ

ಹೋದ ವರ್ಷ ಮಳೆಗಾಲದಲ್ಲಿ ತಿಪಟೂರಿನಿಂದ ಅಪ್ಪ ಫೋನ್ ಮಾಡಿದ್ರು. "ಕಂಪ್ಯೂಟರ್ ಒಳಗೆ ಯಾಕೋ ಟಿಕ್ ಟಿಕ್ ಅಂತ ಸದ್ದು ಬರ್ತಿದೆ ಕಣೋ. ಮಧ್ಯೆ ಮಧ್ಯೆ ನಿಂತೂ ಹೋಗುತ್ತೆ." ನಾನು ಮೀಟಿಂಗ್‌ಗೆ ಓಡ್ತಿದ್ದೆ. "ರೀಸ್ಟಾರ್ಟ್ ಮಾಡಿ ನೋಡಿ ಅಪ್ಪ" ಅಂತ ಹೇಳಿ ಫೋನ್ ಇಟ್ಟೆ.

ಆಮೇಲೆ ಇನ್ನೆರಡು ಸಲ ಫೋನ್ ಬಂತು. ಎರಡು ಸಲವೂ ನನ್ನದು ಅದೇ ಉತ್ತರ. ಮೂರನೇ ವಾರ ಅಪ್ಪ, "ಈಗ ಆನ್ ಆಗ್ತಾನೇ ಇಲ್ಲ. ಪರವಾಗಿಲ್ಲ, ನಿಂಗೆ ಬಿಡುವಾದಾಗ ನೋಡು" ಅಂದ್ರು. ಸ್ವಲ್ಪ ತಡೆದು, "ಬರೆದಿದ್ದೆಲ್ಲ ಅದರಲ್ಲೇ ಇದೆ" ಅಂತ ಸೇರಿಸಿದ್ರು.

ಅಪ್ಪ ಹೈಸ್ಕೂಲ್ ಮೇಷ್ಟ್ರಾಗಿದ್ದವರು. ರಿಟೈರ್ ಆದಮೇಲೆ, ನನ್ನ ಇಂಜಿನಿಯರಿಂಗ್ ಕಾಲದ ಹಳೇ ಡೆಸ್ಕ್‌ಟಾಪ್‌ನಲ್ಲಿ ನುಡಿ ಹಾಕಿಸಿಕೊಂಡು, ಬೆಳಗಿನ ಕಾಫಿ ಮುಗಿಸಿ ದಿನಾ ಒಂದು ಗಂಟೆ ಬರೀತಿದ್ರು. ಊರಿನ ಕೆರೆ, ತಾತನ ತೆಂಗಿನ ತೋಟ, ದಾಯಾದಿಗಳ ಜಗಳ, ಸಂತೆ, ಜಾತ್ರೆ ಎಲ್ಲಾ. ಆರು ವರ್ಷದಲ್ಲಿ 61 ಫೈಲ್ ಆಗಿದ್ವು. ಪ್ರಿಂಟ್ ತೆಗೆಸಿರಲಿಲ್ಲ, ಇನ್ನೊಂದು ಕಾಪಿಯೂ ಇರಲಿಲ್ಲ. ಆಫೀಸಿನಲ್ಲಿ ಮುಖ ಕೂಡ ನೋಡದ ಗ್ರಾಹಕರ ಡೇಟಾಗೆ ರಾತ್ರಿ ಬ್ಯಾಕಪ್ ಆಯ್ತೋ ಇಲ್ವೋ ಅಂತ ಕಾಯೋದು ನನ್ನ ಕೆಲಸ. ಮನೆಯಲ್ಲಿ ಒಂದು ಪೆನ್ ಡ್ರೈವ್ ಕೂಡ ತೆಗೆದುಕೊಟ್ಟಿರಲಿಲ್ಲ.

ಅಪ್ಪ ಅಷ್ಟರಲ್ಲೇ ಒಂದು ಸರ್ವಿಸ್ ಸೆಂಟರ್‌ಗೆ ತಗೊಂಡು ಹೋಗಿದ್ರಂತೆ. "ಹಳೇದು ಸಾರ್, ಹೊಸದು ತಗೊಳ್ಳಿ. ಡೇಟಾಗೆ ನಾವು ಜವಾಬ್ದಾರರಲ್ಲ" ಅಂದ್ರಂತೆ. ಅಮ್ಮ ಫೋನ್ ಕಸಿದುಕೊಂಡು, "ನಿಮ್ಮಪ್ಪ ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ" ಅಂದ್ರು. ಆ ಶನಿವಾರವೇ ಹೊರಟೆ. ವಾಪಸ್ ಬರುವಾಗ ರೈಲಿನಲ್ಲಿ ಆ ಡಬ್ಬ, ನಮ್ಮ ಮನೆ ಭಾಷೆಯಲ್ಲಿ 'ಸಿಪಿಯು', ನನ್ನ ತೊಡೆ ಮೇಲೆ ಇತ್ತು.

ಸೋಮವಾರ ರಜೆ ಹಾಕಿ ಬೆಂಗಳೂರಿನ ಎಸ್‌ಪಿ ರೋಡ್‌ಗೆ ಹೋದೆ. ಸಾದರ ಪತ್ರಪ್ಪ ರಸ್ತೆ ಅಂದ್ರೆ ಎಷ್ಟೋ ಜನಕ್ಕೆ ಗೊತ್ತಾಗಲ್ಲ. ಎಸ್‌ಪಿ ರೋಡ್ ಅಂದ್ರೆ ಆಟೋದವರು ತಕ್ಷಣ ಹತ್ತಿಸಿಕೊಳ್ತಾರೆ. ಕೇಬಲ್ಲು, ಕೀಬೋರ್ಡು, ಮದರ್‌ಬೋರ್ಡು ನೇತುಹಾಕಿದ ಸಾಲು ಸಾಲು ಅಂಗಡಿ. ಒಂದು ಕಿರಿದಾದ ಮೆಟ್ಟಿಲು ಹತ್ತಿದ್ರೆ ಮೇಲೆ ರಿಪೇರಿ ಅಂಗಡಿ. ಹುಡುಗರೆಲ್ಲ 'ಭಾಯ್' ಅಂತಿದ್ದ ಐವತ್ತರ ಆಸುಪಾಸಿನವರೊಬ್ಬರು ಕೂತಿದ್ರು.

"ವೈರಸ್ ಇರಬೇಕು, ಇಲ್ಲಾ ವಿಂಡೋಸ್ ಹೋಗಿರಬೇಕು" ಅಂದೆ. ಅವರು ನಕ್ಕು, "ಸಾಫ್ಟ್‌ವೇರಾ ಸಾರ್ ನೀವು?" ಅಂತ ಕೇಳಿದ್ರು. ಆಮೇಲೆ, "ಟಿಕ್ ಟಿಕ್ ಶುರುವಾದ ಮೇಲೆ ಎಷ್ಟು ಸಲ ಆನ್ ಮಾಡಿದೀರಿ?" ನಾನು ಲೆಕ್ಕ ಹಾಕಿದೆ. ದಿನಕ್ಕೆ ನಾಲ್ಕೈದು ಸಲ, ಮೂರು ವಾರ. ನನ್ನ ಮಾತು ಕೇಳಿಕೊಂಡು ಅಪ್ಪ ಶ್ರದ್ಧೆಯಿಂದ ರೀಸ್ಟಾರ್ಟ್ ಮಾಡಿದ್ರು. ಭಾಯ್ ತಲೆ ಅಲ್ಲಾಡಿಸಿದ್ರು. "ಆ ಸದ್ದು ಬಂದ್ರೆ ಆಫ್ ಮಾಡಿ ಇಡಬೇಕು ಸಾರ್, ಅಷ್ಟೇ."

ಹಾರ್ಡ್ ಡಿಸ್ಕ್ ಒಳಗೆ ಬಿಲ್ಲೆಗಳು ನಿಮಿಷಕ್ಕೆ 7200 ಸುತ್ತು ತಿರುಗುತ್ತವೆ. ಅವುಗಳ ಮೇಲೆ ಕೂದಲೆಳೆಗಿಂತ ಎಷ್ಟೋ ಕಡಿಮೆ ಅಂತರದಲ್ಲಿ ಓದುವ ಹೆಡ್ ತೇಲುತ್ತೆ. ಓದೋಕೆ ಆಗದಿದ್ದಾಗ ಅದು ಹಿಂದೆ ಸರಿದು ಮತ್ತೆ ಪ್ರಯತ್ನಿಸುತ್ತೆ. ಟಿಕ್ ಟಿಕ್ ಅನ್ನೋದು ಅದೇ. ಹೆಡ್ಡೇ ಕೆಟ್ಟಿದ್ರೆ ಧೂಳಿಲ್ಲದ ವಿಶೇಷ ಕೋಣೆಯಲ್ಲೇ ಬಿಚ್ಚಬೇಕು, ಖರ್ಚೂ ಬಹಳ. ಆದ್ರೆ ಕರೆಂಟ್ ಸರಿಯಾಗಿ ಸಿಗದಿದ್ರೂ ಇದೇ ಸದ್ದು ಬರಬಹುದಂತೆ.

ಅವರು ಡಿಸ್ಕ್ ಬಿಚ್ಚಿಟ್ಟು, ಮಲ್ಟಿಮೀಟರ್ ತಗೊಂಡು ಎಸ್‌ಎಂಪಿಎಸ್‌ನ ಹಳದಿ ಮತ್ತು ಕಪ್ಪು ವೈರ್ ಮಧ್ಯೆ ಹಿಡಿದ್ರು. 230 ವೋಲ್ಟ್ ಎಸಿಯನ್ನ 12, 5 ಮತ್ತು 3.3 ವೋಲ್ಟ್ ಡಿಸಿಗೆ ಇಳಿಸೋ ಪೆಟ್ಟಿಗೆ ಅದು. ಹಳದಿಯಲ್ಲಿ 12 ಬರಬೇಕು, ಐದು ಪರ್ಸೆಂಟ್ ಆಚೀಚೆ ಇದ್ರೆ ಪರವಾಗಿಲ್ಲ. ಬರ್ತಿದ್ದದ್ದು 10.9. ಪೆಟ್ಟಿಗೆ ತೆಗೆದು ತೋರಿಸಿದ್ರು: ಎರಡು ಕೆಪಾಸಿಟರ್‌ಗಳ ತಲೆ ಪೂರಿ ಥರ ಉಬ್ಬಿತ್ತು. ಬಿಸಿ, ಧೂಳು, ವಯಸ್ಸು. ಡಿಸ್ಕಿನ ಮೋಟರ್ ತಿರುಗೋದೇ ಆ 12 ವೋಲ್ಟ್‌ನಿಂದ. ಇಂಜಿನಿಯರಿಂಗ್‌ನಲ್ಲಿ ಕೆಪಾಸಿಟರ್ ಫಾರ್ಮುಲಾ ಬಾಯಿಪಾಠ ಮಾಡಿದ್ದೆ. ಕೆಟ್ಟ ಕೆಪಾಸಿಟರ್ ಹೇಗಿರುತ್ತೆ ಅಂತ ಅವತ್ತೇ ನೋಡಿದ್ದು.

ಒಳ್ಳೇ ಎಸ್‌ಎಂಪಿಎಸ್ ಹಾಕಿದಾಗ ಸದ್ದು ಕಡಿಮೆಯಾಯ್ತು, ಪೂರ್ತಿ ನಿಲ್ಲಲಿಲ್ಲ. "ವಿಂಡೋಸ್ ಬೂಟ್ ಮಾಡೋದು ಬೇಡ. ಮೊದಲು ಕಾಪಿ" ಅಂದ್ರು. ಲಿನಕ್ಸ್ ಇರೋ ಪೆನ್ ಡ್ರೈವ್‌ನಿಂದ ಡಿಡಿರೆಸ್ಕ್ಯೂ ಓಡಿಸಿದ್ರು. ಅದು ಮೊದಲು ಚೆನ್ನಾಗಿರೋ ಭಾಗವನ್ನೆಲ್ಲ ಇನ್ನೊಂದು ಡಿಸ್ಕ್‌ಗೆ ಎಳೆದುಕೊಂಡು, ಕೆಟ್ಟ ಜಾಗಕ್ಕೆ ಕೊನೆಗೆ ಬರುತ್ತೆ. ನಾನು ಸಂಜೆವರೆಗೂ ಸ್ಟೂಲ್ ಮೇಲೆ ಕೂತು ಪರ್ಸೆಂಟೇಜ್ ನೋಡ್ತಿದ್ದೆ. ಮಧ್ಯೆ ಹುಡುಗ ಎರಡು ಸಲ ಟೀ ತಂದುಕೊಟ್ಟ.

ಮಾರನೇ ದಿನ ಹೋಗಿ ಮೊದಲ ಫೈಲ್ ತೆರೆದೆ. ಪರದೆ ತುಂಬ ಅರ್ಥವಾಗದ ಇಂಗ್ಲಿಷ್ ಅಕ್ಷರ. ಕೈ ತಣ್ಣಗಾಯ್ತು. ಭಾಯ್ ಬಗ್ಗಿ ನೋಡಿ, "ನುಡಿ ಫಾಂಟ್ ಹಾಕಿ ಸಾರ್. ಡಿಟಿಪಿಯವರು ಇಲ್ಲಿ ಬಂದು ಹೀಗೇ ಹೆದರ್ತಾರೆ" ಅಂದ್ರು. ಫಾಂಟ್ ಹಾಕಿದೆ. "ನಮ್ಮೂರ ಕೆರೆಗೆ ಆಗ ಕೋಡಿ ಬಿದ್ದಿತ್ತು" ಅಂತ ಅಪ್ಪನ ಸಾಲು ಕಾಣಿಸ್ತು. ಅಂಗಡಿಯಲ್ಲಿ ಅಷ್ಟು ಜನ ಇದ್ರಲ್ಲ, ಮುಖ ಆಚೆ ತಿರುಗಿಸಿಕೊಂಡೆ.

61ರಲ್ಲಿ 57 ಸಿಕ್ಕಿದ್ವು. ನಾಲ್ಕು ಸಿಗಲಿಲ್ಲ. ಅದರಲ್ಲಿ ಒಂದು ತಾತನ ಕೊನೇ ದಿನಗಳದ್ದು. ಊರಿಗೆ ಹೋಗಿ, ಹೊಸ ಎಸ್‌ಎಸ್‌ಡಿ ಹಾಕಿದ ಕಂಪ್ಯೂಟರ್ ಜೋಡಿಸಿ, ಆ ವಿಷಯ ಹೇಳಿದೆ. ರೀಸ್ಟಾರ್ಟ್ ಮಾಡಿಸಿದ್ದು ತಪ್ಪಾಯ್ತು ಅಂತಲೂ ಹೇಳಿದೆ. ಅಪ್ಪ ಒಂದು ನಿಮಿಷ ಸುಮ್ಮನಿದ್ದು, "ತಾತ ಹೋದ ದಿನ ನಂಗೆ ಮರೆತಿಲ್ಲ, ಇನ್ನೊಂದು ಸಲ ಬರೀತೀನಿ ಬಿಡು" ಅಂದ್ರು. ಬರೆದ್ರು ಕೂಡ. ಮೊದಲಿನದು ಹೇಗಿತ್ತೋ ನಂಗೆ ಗೊತ್ತಿಲ್ಲ. ಆರು ವರ್ಷದಲ್ಲಿ ನಾನು ಒಂದನ್ನೂ ಓದಿರಲಿಲ್ಲ. ಈಗ ಓದ್ತಿದ್ದೀನಿ, ವಾರಕ್ಕೊಂದು.

ಬ್ಯಾಕಪ್‌ಗೆ 3-2-1 ಅಂತ ಒಂದು ಲೆಕ್ಕ ಇದೆ: ಮೂರು ಕಾಪಿ, ಎರಡು ಬೇರೆ ಬೇರೆ ಥರದ ಸಾಧನ, ಒಂದು ಕಾಪಿ ಮನೆಯಿಂದಾಚೆ. ಈಗ ಒಂದು ಕಂಪ್ಯೂಟರ್‌ನಲ್ಲಿದೆ. ಇನ್ನೊಂದು ಪೆನ್ ಡ್ರೈವ್‌ನಲ್ಲಿ, ಬೀರುವಿನೊಳಗೆ ಅಮ್ಮನ ಬಳೆ ಡಬ್ಬದ ಪಕ್ಕ. ಮೂರನೆಯದು ಬೆಂಗಳೂರಿನಲ್ಲಿ ನನ್ನ ಹತ್ತಿರ. ಭಾನುವಾರ ಕಾಪಿ ಮಾಡೋದು ಅಪ್ಪನ ಡ್ಯೂಟಿ.

ನಿಮ್ಮ ಊರಿನ ಮನೆಯಲ್ಲೂ ಇಂಥದ್ದೊಂದು ಹಳೇ ಡಬ್ಬ ಇದ್ರೆ, ಈ ವಾರ ಫೋನ್ ಮಾಡಿದಾಗ ಅದರಲ್ಲಿ ಏನೇನಿದೆ ಅಂತ ಒಮ್ಮೆ ಕೇಳಿ. ಮೊನ್ನೆ ಅಪ್ಪ ತಾವಾಗೇ ಹೇಳಿದ್ರು: "ಇನ್ನೇನಾದ್ರೂ ಸದ್ದು ಬಂದ್ರೆ ನಾನು ಆಫ್ ಮಾಡಿಬಿಡ್ತೀನಿ. ನಿನ್ನನ್ನ ಕೇಳಲ್ಲ."