ಮೊದಲ ಮಾತಿಗೊಂದು ದಾರಿ

ನಾನಿರುವುದು ಸಿಡ್ನಿಯ ಸ್ಕೋಫೀಲ್ಡ್ಸ್‌ನಲ್ಲಿ. ಒಂದೇ ಕಂಪ್ಯೂಟರಿನೊಳಗೆ ಹಲವು ವರ್ಚುವಲ್ ಯಂತ್ರಗಳನ್ನು ನೆಲೆಗೊಳಿಸುವುದು ನನ್ನ ವೃತ್ತಿ. ಮನೆ ಕೊಟ್ಟ ತಂತ್ರಾಂಶ ನಮ್ಮ ಪರಿಭಾಷೆಯಲ್ಲಿ ‘ಹೋಸ್ಟ್’, ಒಳಗೆ ನೆಲೆಸಿದ ಆಪರೇಟಿಂಗ್ ಸಿಸ್ಟಮ್ ‘ಗೆಸ್ಟ್’. ಆತಿಥೇಯ, ಅತಿಥಿ ಎಂದರೆ ನಮಗೆ ಹೆಚ್ಚು ಆಪ್ತವೆನಿಸೀತು.

ಅತಿಥಿಯು ಕಣ್ಣು ತೆರೆಯುವ ಮೊದಲ ಕ್ಷಣ ಬಲು ಸೂಕ್ಷ್ಮವಾದುದು. ತಾನಿರುವುದು ಸ್ವಂತ ಮನೆಯೋ ಪರರ ಮನೆಯೋ ಅದಕ್ಕೆ ತಿಳಿಯದು. ಇಂಟೆಲ್ ಮಾದರಿಯ ಪ್ರೊಸೆಸರುಗಳಲ್ಲಿ ‘ಸಿಪಿಯುಐಡಿ’ ಎಂಬ ಆದೇಶದಿಂದ ಅದು ವಿಚಾರಿಸುತ್ತದೆ. ಆತಿಥೇಯವು 12 ಬೈಟುಗಳ ಸಹಿಯಲ್ಲಿ ತನ್ನ ಪರಿಚಯ ಹೇಳುತ್ತದೆ. ಆಗಿನ್ನೂ ಪರದೆ, ಡಿಸ್ಕು, ನೆಟ್‌ವರ್ಕು ಯಾವುದೂ ಸಿದ್ಧವಿರುವುದಿಲ್ಲ. ಅಲ್ಲಿ ಎಡವಿದ ಅತಿಥಿ ಒಂದು ಉದ್ಗಾರವನ್ನೂ ಹೊರಡಿಸದೆ ನಿಂತುಬಿಡಬಹುದು. ಹೊರಗಿನವರಿಗೆ ಕಾಣುವುದು ಖಾಲಿ ಪರದೆ ಮಾತ್ರ.

ಇದಕ್ಕೆ ಸರಳ ದಾರಿ ಮಾಡಿಕೊಟ್ಟವರಲ್ಲಿ ಆಸ್ಟ್ರೇಲಿಯಾದ ರಸ್ಟಿ ರಸೆಲ್ ಒಬ್ಬರು. 1999ರಲ್ಲಿ ಮೆಲ್ಬರ್ನ್‌ನಲ್ಲಿ ಈ ದೇಶದ ಲಿನಕ್ಸ್ ಬಳಕೆದಾರರ ಸಮ್ಮೇಳನವನ್ನು ನೆರೆಸಿದವರೂ ಅವರೇ. 2007ರಲ್ಲಿ ಲಿನಕ್ಸ್ ಸೇರಿದ ಅವರ ‘ಎಲ್‌ಗೆಸ್ಟ್’ನಲ್ಲಿ ಅತಿಥಿಯು ತನ್ನ ಮಾತನ್ನು ಮೆಮೊರಿಯಲ್ಲಿ ಬರೆದಿಟ್ಟು ಒಮ್ಮೆ ಕೂಗಿದರೆ ಸಾಕಿತ್ತು, ಆತಿಥೇಯವೇ ಅದನ್ನು ಓದಿ ಮುದ್ರಿಸುತ್ತಿತ್ತು. ಎಲ್‌ಗೆಸ್ಟ್ 2017ರಲ್ಲಿ ಲಿನಕ್ಸ್‌ನಿಂದ ನಿರ್ಗಮಿಸಿತು. ಆದರೆ ಅವರೇ ರೂಪಿಸಿದ, ಅತಿಥಿ-ಆತಿಥೇಯರ ವ್ಯವಹಾರದ ‘ವರ್ಟ್‌ಐಒ’ ಎಂಬ ಒಪ್ಪಂದ ಇಂದಿಗೂ ಜಗತ್ತಿನಾದ್ಯಂತ ಬಳಕೆಯಲ್ಲಿದೆ.

ಈ ಪಾಠದ ಅರ್ಥ ನನಗೆ ಮನೆಯಲ್ಲೇ ತಿಳಿಯಿತು. ತಂದೆಯವರು ತೀರಿಕೊಂಡ ಬಳಿಕ ತಾಯಿಯವರನ್ನು ಇಲ್ಲಿಗೆ ಕರೆತಂದೆವು. ಹಾಸನದಲ್ಲಿ ಇಡೀ ಬೀದಿಯನ್ನು ಮಾತನಾಡಿಸುತ್ತಿದ್ದ ಅವರು ಇಲ್ಲಿ ಮೌನವಾದರು. ಕೇಳಿದರೆ, “ಚೆನ್ನಾಗಿದೀನಿ ಕಣಪ್ಪ” ಎಂಬ ಒಂದೇ ಉತ್ತರ. ಖಾಲಿ ಪರದೆಯೆಂದರೆ ಕ್ಷೇಮಸಮಾಚಾರವಲ್ಲವೆಂದು ಬಲ್ಲ ನನಗೆ ಆ ಉತ್ತರ ಕಳವಳ ತರುತ್ತಿತ್ತು. ಒಂದು ಸಂಜೆ ಪಕ್ಕದ ರಸ್ತೆಯ ಕನ್ನಡದ ಹೆಣ್ಣುಮಗಳೊಬ್ಬರು ಬಾಗಿಲಿಗೆ ಬಂದು, “ಕಾಫಿ ಆಯ್ತಾ ಅಮ್ಮ?” ಎಂದರು. ಮಂಡಿನೋವು, ರಾತ್ರಿಯ ಭಯ, ಅಪ್ಪನ ನೆನಪು, ಮಗನಿಗೆ ಹೇಳಲಾಗದ್ದೆಲ್ಲ ಅವರೆದುರು ಹೊರಬಂದಿತು. ಮರುವಾರವೇ ವೈದ್ಯರಲ್ಲಿಗೆ ಹೋದೆವು.

ನಮ್ಮ ಸಂಘಗಳ ಯುಗಾದಿ, ರಾಜ್ಯೋತ್ಸವಗಳು ನೆಲೆಯೂರಿದವರ ಸಂಭ್ರಮ, ಅವು ಬೇಕು. ಆದರೆ ಕಳೆದ ವಾರ ವಿಮಾನ ಇಳಿದವರಿಗೆ ಅದಕ್ಕೂ ಮೊದಲು ಬೇಕಾದುದು ಒಂದು ದೂರವಾಣಿ ಸಂಖ್ಯೆ, ತಾವಾಗಿ ಬಂದು ಕನ್ನಡದಲ್ಲಿ ವಿಚಾರಿಸುವ ಒಬ್ಬರು. ಪ್ರತಿಯೊಂದು ಬಡಾವಣೆಯಲ್ಲೂ ಅಂಥ ಒಬ್ಬರನ್ನು ಗೊತ್ತುಮಾಡುವ ಸಂಕಲ್ಪ ಈ ಸಮ್ಮೇಳನದಿಂದ ಮೂಡಿಬರಲೆಂದು ಹಾರೈಸುತ್ತೇನೆ.